36 ಜಿಬಿ ತಾಳಮದ್ದಲೆ: ಊದಿಕೊಂಡ ಆಡಾಸಿಟಿ ಪ್ರಾಜೆಕ್ಟ್ ಇಳಿಸಿದ್ದು ಹೆಂಗೆ

ಒಂದು ರಾತ್ರಿ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಲ್ಲೇ ನಡೆಸೋ ಯಕ್ಷಗಾನ), ಹೆಚ್ಚುಕಮ್ಮಿ ಏಳು ತಾಸು, ದನಿ ತಿದ್ದೋ ಪ್ರೋಗ್ರಾಂ ಆಡಾಸಿಟಿಯ ಒಂದೇ ಫೈಲು, ಸೈಜು ಮಾತ್ರ 36 ಜಿಬಿ ಮೇಲೆ. ಲ್ಯಾಪ್‌ಟಾಪ್ ನಂದಲ್ಲ, ಹುಲೇಕಲ್ ಕಡೆ ಇರೋ ಭಾವಂದು. ಮಳೆಗಾಲದಲ್ಲಿ ಮೇಳದ ತಿರುಗಾಟ ನಿಂತ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಮುತ್ತ ಕೂಟಗಳು ಶುರುವಾಗ್ತವಲ್ಲ, ಎಲ್ಲಿ ಕೂಟ ಆದ್ರೂ ಭಾವ ಕೈಯಲ್ಲಿ ಹಿಡಿಯೋ ಸಣ್ಣ ರೆಕಾರ್ಡರ್ ಒಂದನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಪದ್ಯ ಹಾಡೋ ಭಾಗವತರ ಎದುರಿಗೆ ಇಟ್ಟುಬಿಡ್ತಾರೆ, ಆಮೇಲೆ ಮನೆಗೆ ಬಂದು ಸ್ವಲ್ಪ ಚೊಕ್ಕ ಮಾಡಿ ಗ್ರೂಪಿಗೆ ಹಾಕ್ತಾರೆ. ಒಳ್ಳೆ ಕೆಲಸವೇ. ಈ ಸಲ ಡಿಸ್ಕ್ ತುಂಬಿ ಪ್ರಾಜೆಕ್ಟ್ ಅಲ್ಲಾಡ್ದೆ ಕೂತ್ಕಂಡಿತ್ತು.

"ಎಂತ ಮಾಡಿದ್ರೂ ಸೇವ್ ಆಗ್ತಿಲ್ಲೆ, ಒಂಚೂರು ಸೈಜ್ ಇಳಿಸಿಕೊಡು ಮಾರಾಯ" ಅಂತ ಭಾವ ಲ್ಯಾಪ್‌ಟಾಪ್ ತಂದು ಇಟ್ರು. ಮುಚ್ಚಳ ತೆಗೆದ್ರೆ ಆಡಾಸಿಟಿ ಇನ್ನೂ ಓಪನ್ ಇದೆ, ಮೇಲೆ ಎರರ್ ಕಿಟಕಿ, ಡೇಟಾಬೇಸ್ ಇಲ್ಲಾ ಡಿಸ್ಕ್ ತುಂಬಿದೆ ಅಂತ. ಭಾವ ಪ್ರೋಗ್ರಾಂ ಕ್ಲೋಸ್ ಮಾಡೋ ಅಭ್ಯಾಸದವರೇ ಅಲ್ಲ, ಕೆಲಸ ಮುಗೀತಾ, ಮುಚ್ಚಳ ಹಾಕಿದ್ರಾಯ್ತು, ಮರುದಿನ ಮತ್ತೆ ತೆಗೆದ್ರಾಯ್ತು. ಈ ಅಭ್ಯಾಸ ನೆನಪಿಟ್ಕಳಿ, ಕಥೆ ಇದರ ಮೇಲೇ ನಿಂತಿದೆ.

ಇಂಥ ಕೇಸಲ್ಲಿ ನಾನು ಮೊದಲು ಕೇಳೋ ಪ್ರಶ್ನೆ ಸೈಜಿಂದು ಅಲ್ಲ, ಮೂಲ ರೆಕಾರ್ಡಿಂಗ್ ಎಲ್ಲಿದೆ ಅಂತ. "ಕಾರ್ಡ್ ಫಾರ್ಮ್ಯಾಟ್ ಆಗೋಯ್ದಲಾ, ಮುಂದಿನ ಕೂಟಕ್ಕೆ ಬೇಕಾಗಿತ್ತು" ಅಂದ್ರು. ಹಾರ್ಡ್ ಡಿಸ್ಕಿಗೆ ಕಾಪಿ? ಇಲ್ಲ. ಕಾರ್ಡಿಂದ ಸೀದಾ ಆಡಾಸಿಟಿಗೆ ಇಂಪೋರ್ಟ್. ಅಂದ್ರೆ ಆ ರಾತ್ರಿಯ ಹಸಿ ದನಿ ಇಡೀ ಲೋಕದಲ್ಲಿ ಇರೋದು ಈ ಊದಿಕೊಂಡ ಫೈಲಿನ ಹೊಟ್ಟೆಯಲ್ಲಿ ಮಾತ್ರ, ಅದೂ ಎಲ್ಲಿ, ಅನ್‌ಡೂ ಹಿಸ್ಟರಿಯ, ಅಂದ್ರೆ ಮಾಡಿದ್ದನ್ನ ರದ್ದು ಮಾಡಿ ಹಿಂದೆ ಹೋಗೋಕೆ ಇಟ್ಟ ದಾಖಲೆಯ, ತಳದಲ್ಲಿ.

ಇನ್ನು ಫೈಲ್ ಇಷ್ಟು ದಪ್ಪ ಆಗಿದ್ದು ಹೆಂಗೆ ಅನ್ನೋ ಲೆಕ್ಕ. ರೆಕಾರ್ಡರ್‌ನಲ್ಲಿದ್ದಿದ್ದು 44.1 ಕಿಲೋಹರ್ಟ್ಜ್, 16 ಬಿಟ್, ಸ್ಟೀರಿಯೋ ವೇವ್. ತಾಸಿಗೆ 635 ಎಂಬಿ ಲೆಕ್ಕದಲ್ಲಿ ಏಳು ತಾಸಿಗೆ ನಾಲ್ಕೂವರೆ ಜಿಬಿ ಹತ್ತಿರ. ಆಡಾಸಿಟಿ ಅದನ್ನ ಒಳಗೆ ತಗಳೋವಾಗ ತನ್ನ ಡೀಫಾಲ್ಟ್ ಪ್ರಕಾರ 32 ಬಿಟ್ ಫ್ಲೋಟ್ ಮಾಡ್ಕಳ್ತದೆ, ಅಂದ್ರೆ ಒಂದೊಂದು ಸ್ಯಾಂಪಲ್ಲಿಗೆ 4 ಬೈಟ್. 44,100 ಸ್ಯಾಂಪಲ್, 4 ಬೈಟ್, 2 ಚಾನೆಲ್ ಗುಣಿಸಿದ್ರೆ ಸೆಕೆಂಡಿಗೆ 3,52,800 ಬೈಟ್, ನಿಮಿಷಕ್ಕೆ 21 ಎಂಬಿ, ತಾಸಿಗೆ 1.27 ಜಿಬಿ. ಏಳು ತಾಸಿಗೆ 8.9 ಜಿಬಿ, ಪರದೆ ಮೇಲೆ ಅಲೆ ಬಿಡಿಸೋಕೆ ಇಟ್ಕಳೋ ಸಣ್ಣ ಸಾರಾಂಶವೂ ಸೇರಿದ್ರೆ 9. ಇಲ್ಲಿವರೆಗೆ ಗಾಬರಿ ಆಗೋದು ಏನೂ ಇಲ್ಲ. (ಎಂಪಿ3 ತಂದು ಹಾಕೋರಿಗೆ ಇದು ಇನ್ನೂ ಜೋರಾಗಿ ಬಡೀತದೆ, 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಒಂದು ಎಂಬಿ ಹತ್ತಿರ ಇರೋದು ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಹಿಗ್ಗಿ ಕೂರ್ತದೆ.)

ಹಿಗ್ಗಿದ್ದು ಅದರ ಮೇಲೆ. ಭಾವ ಕಂಟ್ರೋಲ್ ಎ ಒತ್ತಿ ಇಡೀ ಏಳು ತಾಸಿಗೆ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಗದ್ದಲ ಕಳೆಯೋದು) ಹಾಕಿದ್ರು, ಆಮೇಲೆ ಇಡೀದಕ್ಕೆ ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸೋದು), ಆಮೇಲೆ ನಾರ್ಮಲೈಸ್ (ಒಟ್ಟು ಮಟ್ಟ ಹೊಂದಿಸೋದು), ಆಮೇಲೆ ಇಕ್ಯೂ (ದಪ್ಪ, ತೆಳು ದನಿ ಹೊಂದಿಸೋದು) ಹಾಕೋವಾಗ ಡಿಸ್ಕ್ ಕೈಕೊಟ್ಟಿತು. ಇಂಥ ಒಂದೊಂದು ಎಫೆಕ್ಟೂ ಹಳೇ ದನಿ ಮೇಲೆ ತಿದ್ದಿ ಬರೆಯೋದಿಲ್ಲ, ಹೊಸದಾಗಿ ಅಷ್ಟೇ ಉದ್ದ ಮತ್ತೊಂದು ಪ್ರತಿ ಬರೀತದೆ, ಹಳೇದು ಅನ್‌ಡೂಗೆ ಬೇಕು ಅಂತ ಹಂಗೇ ಉಳೀತದೆ. ಮೂಲ ಒಂದು, ಎಫೆಕ್ಟ್ ಮೂರು, ನಾಲ್ಕೊಂಬತ್ಲಿ 36, ಅರ್ಧಕ್ಕೆ ನಿಂತ ಇಕ್ಯೂವಿನ ಚೂರು ಬೇರೆ. ಪ್ರಾಜೆಕ್ಟನ್ನ ಸರಿಯಾಗಿ ಕ್ಲೋಸ್ ಮಾಡಿದ್ರೆ ಆಡಾಸಿಟಿ ಈ ಹಿಸ್ಟರಿ ಎಲ್ಲಾ ಬಿಸಾಕಿ ಫೈಲ್ ಸಣ್ಣ ಮಾಡ್ಕಳ್ತದೆ, ಆದ್ರೆ ಭಾವ ಕ್ಲೋಸೇ ಮಾಡಿರಲಿಲ್ಲವಲ್ಲ. ಈ ಸಲ ಮಾತ್ರ ಅದೇ ಅವರನ್ನ ಉಳಿಸಿದ್ದು, ಕ್ಲೋಸ್ ಮಾಡಿದ್ರೆ ಮೂಲವೂ ಹಿಸ್ಟರಿ ಜೊತೆಗೇ ಹೋಗಿರ್ತಿತ್ತು.

ಹಂಗಾಗಿ ಸೈಜ್ ಇಳಿಸೋ ಮಾತು ಬದಿಗಿಟ್ಟೆ. ಮೊದಲು ಮೂಲವನ್ನ ಹೊರಗೆ ತೆಗೀಬೇಕು, ಅಲ್ಲಿವರೆಗೆ ಆಡಾಸಿಟಿ ಮುಚ್ಚೋ ಹಂಗಿಲ್ಲ, ಲ್ಯಾಪ್‌ಟಾಪ್ ಆಫ್ ಆಗೋ ಹಂಗಿಲ್ಲ. ಹೊರಗೆ ಮಳೆ, ಕರೆಂಟು ಹೋಗಿ ಬಂದು ಮಾಡ್ತಾ ಇತ್ತು, ಬ್ಯಾಟರಿ ಹೆಸರಿಗಷ್ಟೇ. ನನ್ನ ಯುಪಿಎಸ್‌ಗೆ ಸಿಕ್ಕಿಸಿ, ಸ್ಲೀಪ್ ಆಗದೇ ಇರೋ ಹಂಗೆ ಪವರ್ ಸೆಟಿಂಗ್ ಬದಲಾಯಿಸಿ ಕೂತೆ.

ಪ್ರಾಜೆಕ್ಟ್ ಇರೋ ಫೋಲ್ಡರ್ ತೆಗೆದು ನೋಡಿದ್ರೆ ಮೂರು ಫೈಲು. ಒಂದು ಎಯುಪಿ3, ಅಂದ್ರೆ ಪ್ರಾಜೆಕ್ಟ್ ಫೈಲು, ಉಳಿದ ಎರಡರ ಹೆಸರೂ ಅದೇ, ಬಾಲದಲ್ಲಿ ಮಾತ್ರ ಡಬ್ಲ್ಯುಎಎಲ್ ಮತ್ತೆ ಎಸ್‌ಎಚ್‌ಎಂ ಅಂತ. 2021ರಲ್ಲಿ ಬಂದ ಆಡಾಸಿಟಿ 3ರಿಂದ ಪ್ರಾಜೆಕ್ಟ್ ಅಂದ್ರೆ ಎಲ್ಲಾ ಒಂದೇ ಫೈಲಲ್ಲಿ ಇರೋ ಎಸ್‌ಕ್ಯೂಲೈಟ್ ಡೇಟಾಬೇಸ್, ಮೊದಲಿನಂಗೆ ಡೇಟಾ ಫೋಲ್ಡರ್ ತುಂಬ ಚಿಕ್ಕ ಚಿಕ್ಕ ಎಯು ಫೈಲು ಇರೋದಿಲ್ಲ. ಆ ಡಬ್ಲ್ಯುಎಎಲ್ ಅನ್ನೋದು ಡೇಟಾಬೇಸಿಗೆ ಇನ್ನೂ ಸೇರದೇ ಇರೋ ಬರಹ, ಪ್ರಾಜೆಕ್ಟ್ ತೆರೆದಿರೋವಾಗ ಮಾತ್ರ ಪಕ್ಕದಲ್ಲಿ ಇರ್ತದೆ. ಡಿಸ್ಕ್ ತುಂಬಿದ್ರಿಂದ ಇಲ್ಲಿ ಅದೇ ಒಂದು ಜಿಬಿ ದಾಟಿತ್ತು. "ಇದ್ಯಾವುದೋ ಟೆಂಪರರಿ ಕಸ, ಡಿಲೀಟ್ ಮಾಡಿದ್ರೆ ಜಾಗ ಆಗ್ತಲಾ" ಅಂತ ಭಾವ ಬೆರಳು ಇಟ್ಟಿದ್ದು ಸರಿಯಾಗಿ ಅದರ ಮೇಲೇ. ಅದನ್ನ ಮಾತ್ರ ಮುಟ್ಟಬೇಡಿ, ಪ್ರಾಜೆಕ್ಟ್ ತೆಗೆಯೋಕೇ ಬರದೇ ಹೋಗಬಹುದು.

ಜಾಗ ಬೇರೆ ಕಡೆ ಮಾಡ್ದೆ. ರೀಸೈಕಲ್ ಬಿನ್ ಖಾಲಿ ಮಾಡಿದೆ, ಡೌನ್‌ಲೋಡ್ಸ್‌ನಲ್ಲಿದ್ದ ಮದುವೆ ವಿಡಿಯೋಗಳನ್ನ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕ್ದೆ, ಅಷ್ಟಕ್ಕೇ ಹತ್ತು ಜಿಬಿ ಮೇಲೆ ಸಿಕ್ತು. ಯೂಸರ್ ಫೋಲ್ಡರ್ ಒಳಗೆ ಆ್ಯಪ್‌ಡೇಟಾ, ಲೋಕಲ್, ಆಡಾಸಿಟಿ, ಸೆಷನ್‌ಡೇಟಾ ಅಂತ ಒಂದು ಜಾಗ ಇದೆ, ಸೇವ್ ಮಾಡದೇ ಬಿಟ್ಟ ಪ್ರಾಜೆಕ್ಟುಗಳು ಎಯುಪಿ3ಅನ್‌ಸೇವ್ಡ್ ಅನ್ನೋ ಬಾಲ ಇಟ್ಕಂಡು ಅಲ್ಲಿ ಬಿದ್ದಿರ್ತವೆ. ಇಲ್ಲೂ ಹಳೇ ಎರಡು ಇದ್ವು. ಅದನ್ನ ಕೈಯಾರೆ ಅಳಿಸೋದಕ್ಕಿಂತ ಮುಂದಿನ ಸಲ ಆಡಾಸಿಟಿ ಶುರುವಾದಾಗ ಬರೋ ರಿಕವರಿ ಕಿಟಕಿಯಲ್ಲಿ ತೆಗೆದು ನೋಡಿ, ಬೇಡ ಅಂತಾದ್ರೆ ಅಲ್ಲೇ ಡಿಸ್ಕಾರ್ಡ್ ಕೊಡೋದು ಒಳ್ಳೇದು. ಒಳಗೆ ಯಾವ ಕೂಟ ಇದೆಯೋ ಯಾರಿಗ್ಗೊತ್ತು.

ಉಸಿರಾಡೋಕೆ ಜಾಗ ಆದ ಮೇಲೆ ವ್ಯೂ ಮೆನುವಿನಲ್ಲಿ ಹಿಸ್ಟರಿ ತೆಗೆದೆ. ಈ ಕಿಟಕಿಯನ್ನ ಸುಮಾರು ಜನ ತೆಗೆದೇ ನೋಡಿರೋದಿಲ್ಲ. ಮೇಲಿಂದ ಕೆಳಗೆ ಮಾಡಿದ ಕೆಲಸದ ಪಟ್ಟಿ, ಬದಿಗೆ ಯಾವುದು ಎಷ್ಟು ಜಾಗ ಹಿಡಿದಿದೆ ಅಂತ. ಮೇಲೆ ಮೂರು ಇಂಪೋರ್ಟ್ ಸಾಲು, ಆಮೇಲೆ ಕ್ಲಿಪ್ ಸರಿಸಿದ್ದು, ಜೋಡಿಸಿದ್ದು, ಅದರ ಕೆಳಗೆ ಎಫೆಕ್ಟುಗಳು ಸಾಲಾಗಿ. ನಾಯ್ಸ್ ರಿಡಕ್ಷನ್ ಸಾಲಿನ ಒಂದು ಮೇಲೆ, ಅಂದ್ರೆ ಜೋಡಿಸಿದ ಸಾಲಿನ ಮೇಲೆ ಒಂದು ಕ್ಲಿಕ್ ಮಾಡಿದ್ರೆ ಇಡೀ ಪ್ರಾಜೆಕ್ಟು ಆ ಹೊತ್ತಿಗೆ ಹೋಗಿ ನಿಲ್ತದೆ. ಅಲೆಯ ಆಕಾರ ಕಣ್ಣೆದುರಿಗೇ ಬದಲಾಯ್ತು, ಹಲಗೆ ತರ ಚಪ್ಪಟೆ ಆಗಿದ್ದದ್ದು ಮತ್ತೆ ಏರಿಳಿತ ತಗೊಂಡ್ತು. ಪ್ಲೇ ಒತ್ತಿದ್ರೆ ತಾಳದ ಗುಂಯ್ ಪೂರ್ತಿ ಕೇಳ್ತದೆ, ಹಿಂದೆ ಮಳೆಯೂ ಕೇಳ್ತದೆ. ನಾಯ್ಸ್ ರಿಡಕ್ಷನ್ ಹಾಕಿದ್ದರಲ್ಲಿ ತಾಳದ ಬಾಲ ಕತ್ತರಿಸಿ ಹೋಗಿ, ಮದ್ದಲೆ ನೀರೊಳಗಿಂದ ಬಾರಿಸಿದಂಗೆ ಆಗಿತ್ತು. ಭಾವನೂ ಒಪ್ಪಿದ್ರು, "ಹೌದಪಾ, ಇದೇ ಚೊಲೋ ಇದ್ದು" ಅಂತ.

ಈ ಹಂತದಲ್ಲಿ ಒಂದೇ ಎಚ್ಚರ, ಹಿಂದಿನ ಸಾಲಿಗೆ ಹೋಗಿ ನಿಂತಾಗ ಹೊಸ ಎಡಿಟ್ ಮಾಡಿದ್ರೆ ಅದರ ಕೆಳಗಿನ ಸಾಲು ಎಲ್ಲಾ ಹೋಗ್ತದೆ. ನಮಗೆ ಕೆಳಗಿಂದು ಬೇಡವೇ ಆಗಿತ್ತು, ಆದ್ರೂ ಎಕ್ಸ್‌ಪೋರ್ಟ್ ಮುಗಿಯೋವರೆಗೆ ಮೌಸ್ ಮುಟ್ಟಬೇಡಿ ಅಂತ ಹೇಳಿ ಭಾವನ್ನ ಚಾ ಕುಡಿಯೋಕೆ ಒಳಗೆ ಕಳಿಸಿದೆ.

ಎಕ್ಸ್‌ಪೋರ್ಟ್ ಯಾವ ಫಾರ್ಮ್ಯಾಟಿಗೆ? ಅಭ್ಯಾಸಬಲದಿಂದ ಕೈ ವೇವ್‌ಗೇ ಹೋಗ್ತದೆ, ಆದ್ರೆ ವೇವ್ ಫೈಲಿನ ತಲೆಯಲ್ಲಿ ಸೈಜ್ ಬರೆಯೋ ಜಾಗ 32 ಬಿಟ್ ಮಾತ್ರ, 4 ಜಿಬಿ ದಾಟಿದ್ರೆ ಆ ಅಂಕಿ ಅಲ್ಲಿ ಹಿಡಿಸೋದಿಲ್ಲ. 16 ಬಿಟ್ ಸ್ಟೀರಿಯೋದಲ್ಲಿ ಆ ಮಿತಿ 6 ತಾಸು 45 ನಿಮಿಷದ ಹತ್ತಿರ ಬರ್ತದೆ, ನಮ್ಮ ಕೂಟ ಅದನ್ನ ಸ್ವಲ್ಪದರಲ್ಲೇ ದಾಟ್ತದೆ, ಕೊನೆಯ ಮಂಗಳ ಪದ್ಯ ಹೊರಗೆ ಉಳಿಯೋ ಲೆಕ್ಕ. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೂ ಇದೇ 4 ಜಿಬಿ ಗೋಡೆ. ರೆಕಾರ್ಡರ್ 2 ಜಿಬಿ ಆದ ಕೂಡ್ಲೇ ಹೊಸ ಫೈಲ್ ಶುರು ಮಾಡೋದೂ ಇಂಥದೇ ಲೆಕ್ಕದ ಮೇಲೆ, ಮೂರು ತುಂಡು ಬಂದಿದ್ದು ಹಂಗೆ: ಎರಡು ತಲಾ 3 ತಾಸು 22 ನಿಮಿಷ ಚಿಲ್ಲರೆ, ಕೊನೇದು ಚಿಕ್ಕದು.

ಅದಕ್ಕೆ ದನಿ ಒಂಚೂರೂ ಕಳೆಯದೆ ಸೈಜ್ ಕುಗ್ಗಿಸೋ ಫ್ಲ್ಯಾಕ್ ಆರಿಸಿದೆ, 16 ಬಿಟ್, ಕುಗ್ಗಿಸೋ ಲೆವೆಲ್ 5. ಮೂಲವೇ 16 ಬಿಟ್ ಆಗಿದ್ರಿಂದ, ಮೇಲೆ ಯಾವ ಎಫೆಕ್ಟೂ ಇಲ್ಲದ್ರಿಂದ 32ಕ್ಕೆ ಹಿಗ್ಗಿಸಿದ್ದನ್ನ ಮತ್ತೆ 16ಕ್ಕೆ ಇಳಿಸಿದ್ರೆ ಕಳೆದುಹೋಗೋದು ಏನೂ ಇಲ್ಲ. ಪ್ರಿಫರೆನ್ಸಸ್‌ನಲ್ಲಿ ಡಿದರ್ ಅನ್ನೋದನ್ನ ಮಾತ್ರ "None" (ಯಾವುದೂ ಬೇಡ) ಅಂತ ಮಾಡಿಟ್ಟೆ, ಇಲ್ಲಾಂದ್ರೆ ಇಳಿಸೋವಾಗ ತೀರಾ ಸಣ್ಣ ಸದ್ದು ಸೇರಿಸೋ ಸಾಧ್ಯತೆ ಇರ್ತದೆ, ಕಿವಿಗೆ ಗೊತ್ತಾಗೋದಿಲ್ಲ, ಆದ್ರೆ ಸಂಗ್ರಹಕ್ಕೆ ಇಡೋ ಪ್ರತಿ, ಹೆಂಗಿತ್ತೋ ಹಂಗೇ ಇರ್ಲಿ. ಫೈಲನ್ನ ಸೀದಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೇ ಬರೆಸಿದೆ. ಬಂದಿದ್ದು ಎರಡೂವರೆ ಜಿಬಿ ಒಳಗೆ. ಅದನ್ನ ನನ್ನ ಡೆಸ್ಕ್‌ಟಾಪಿನಲ್ಲಿ ತೆಗೆದು ಒಟ್ಟು ಉದ್ದ ಸೆಕೆಂಡಿನ ಮಟ್ಟಿಗೆ ತಾಳೆ ನೋಡ್ದೆ, ಆರಂಭ, ನಡು, ಕೊನೆ ಅಲ್ಲಲ್ಲಿ ಕೇಳ್ದೆ, ಫ್ಲ್ಯಾಕ್‌ನ ಟೆಸ್ಟ್ ಆಜ್ಞೆ ಓಡಿಸಿದೆ, ಫ್ಲ್ಯಾಕ್ ತನ್ನ ದನಿಯ ಚೆಕ್‌ಸಮ್ (ತಾಳೆ ನೋಡೋ ಅಂಕಿ) ತನ್ನ ಒಳಗೇ ಇಟ್ಕಂಡಿರೋದ್ರಿಂದ ಫೈಲ್ ಹಾಳಾಗಿದ್ರೆ ಅಲ್ಲೇ ಗೊತ್ತಾಗ್ತದೆ. ಸರಿ ಇತ್ತು. ಇನ್ನೊಂದು ಪ್ರತಿ ಡೆಸ್ಕ್‌ಟಾಪಲ್ಲೂ ಇಟ್ಟೆ.

ಇಷ್ಟಾದ ಮೇಲೆ ಹಳೇ ಪ್ರಾಜೆಕ್ಟಿನ ಮೇಲೆ ನಂಗೆ ಎಂತ ಮೋಹವೂ ಉಳೀಲಿಲ್ಲ. ಆದ್ರೂ ಭಾವಂಗೆ ತೋರಿಸ್ಲಿಕ್ಕೆ ಅಂತ ಹಿಸ್ಟರಿಯ ಕೊನೇ ಸಾಲಿಗೆ ಬಂದು, ಅದರ ಮೇಲಿನ ಹಂತಗಳಿಗೆಲ್ಲ ಡಿಸ್ಕಾರ್ಡ್ ಒತ್ತಿದೆ. ಹಳೇ ಸಾಲು ಎಲ್ಲಾ ಹೋದ್ವು, ಒಟ್ಟು ಬಳಕೆ 9 ಜಿಬಿಗೆ ಇಳೀತು, ಫೋಲ್ಡರ್‌ನಲ್ಲಿ ನೋಡಿದ್ರೆ ಫೈಲು ಇದ್ದಷ್ಟೇ ಇದೆ, 36. "ಮೋಸ ಇದು" ಅಂದ್ರು ಭಾವ. ಮೋಸ ಅಲ್ಲ, ಅಡಿಕೆ ಮಾರಿದ ಮೇಲೂ ಖಾಲಿ ಚೀಲ ಅಟ್ಟದಲ್ಲಿ ಜಾಗ ಹಿಡ್ಕಂಡು ಇರ್ತದಲ್ಲ ಹಂಗೆ, ಡೇಟಾಬೇಸಿನ ಒಳಗೆ ಪುಟಗಳು ಖಾಲಿ ಆಗಿವೆ, ಮುಂದೆ ಬರೆಯೋದೆಲ್ಲ ಮೊದಲು ಅಲ್ಲೇ ತುಂಬ್ತದೆ, ಆದ್ರೆ ಡಿಸ್ಕಿಗೆ ವಾಪಸ್ ಸಿಗೋದು ಪ್ರಾಜೆಕ್ಟ್ ಕ್ಲೋಸ್ ಮಾಡಿದಾಗ. ಆವಾಗ ಆಡಾಸಿಟಿ ಬೇಕಾದ ದನಿಯನ್ನಷ್ಟೇ ಹೊಸ ಫೈಲಿಗೆ ಬರೆದು ಹಳೇದನ್ನ ತೆಗೀತದೆ, ಅಂದ್ರೆ ಸಣ್ಣ ಮಾಡೋಕೂ ಡಿಸ್ಕಲ್ಲಿ ಅಷ್ಟು ಜಾಗ ಖಾಲಿ ಇರ್ಬೇಕು. ಡಿಸ್ಕ್ ತುಂಬಿದೋರು "ಕ್ಲೋಸ್ ಮಾಡಿ ತೆಗೆದ್ರೂ ಸಣ್ಣ ಆಗ್ಲಿಲ್ಲ" ಅಂತ ತಲೆ ಕೆಡಿಸ್ಕಳೋದು ಇದಕ್ಕೇ ಇರಬೇಕು. ಇಲ್ಲಿ ಹತ್ತು ಜಿಬಿ ಮೇಲೆ ಜಾಗ ಮಾಡಿದ್ದಿತ್ತು, ಸೇವ್ ಮಾಡಿ ಕ್ಲೋಸ್ ಕೊಟ್ಟೆ, ಪ್ರೋಗ್ರೆಸ್ ಪಟ್ಟಿ ನಿಧಾನ ಓಡ್ತು, ಮುಗಿದ ಮೇಲೆ ಫೋಲ್ಡರ್‌ನಲ್ಲಿ 9 ಜಿಬಿ ಫೈಲ್ ಒಂದೇ. ಡಬ್ಲ್ಯುಎಎಲ್ಲೂ ತಾನಾಗೇ ಮಾಯ.

ಆಮೇಲೆ ಅದನ್ನೂ ಬಿಟ್ಟು ಹೊಸದಾಗಿ ಕಟ್ಟಿದ್ದು. ಡೀಫಾಲ್ಟ್ ಸ್ಯಾಂಪಲ್ ಫಾರ್ಮ್ಯಾಟ್ 16 ಬಿಟ್‌ಗೆ ಬದಲಾಯಿಸಿ, ಫ್ಲ್ಯಾಕ್ ಇಂಪೋರ್ಟ್ ಮಾಡಿದ್ರೆ ನಾಲ್ಕೂವರೆ ಜಿಬಿ. ಸ್ಟುಡಿಯೋ ಜನ ಇದಕ್ಕೆ ಮೂಗು ಮುರೀತಾರೆ ಅಂತ ಗೊತ್ತು, ಎಫೆಕ್ಟ್ ಮೇಲೆ ಎಫೆಕ್ಟ್ ಬರೆಸೋರಿಗೆ 32 ಫ್ಲೋಟೇ ಸರಿ. ನಾವಿಲ್ಲಿ ಮಾಡೋದು ಕತ್ತರಿಸೋದು, ದನಿ ಸ್ವಲ್ಪ ಎತ್ತೋದು, ಅಷ್ಟೇ. ಇದ್ದ ಟ್ರ್ಯಾಕಿನ ಮೆನುವಿನಲ್ಲೇ ಫಾರ್ಮ್ಯಾಟ್ 16 ಅಂತ ಮಾಡಬಹುದಲ್ಲ ಅಂದ್ರೆ ಮಾಡಬಹುದು, ಆದ್ರೆ ಅದೂ ಒಂದು ಹೊಸ ಪ್ರತಿ ಬರೀತದೆ, ಕ್ಲೋಸ್ ಮಾಡೋವರೆಗೆ ಫೈಲ್ ದೊಡ್ಡದೇ ಆಗ್ತದೆ. ಮೊನೋ ಮಾಡಿದ್ರೆ ಇನ್ನರ್ಧ ಉಳೀತಿತ್ತು, ಭಾವ ಅದಕ್ಕೂ ತಯಾರಿದ್ರು, ನಾನು ಬೇಡ ಅಂದೆ. ಎದುರುಬದುರು ಕೂತು ಪಾತ್ರದ ಮಾತಾಡೋ ಅರ್ಥಧಾರಿಗಳಲ್ಲಿ ಒಬ್ಬರ ಮಾತು ಎಡಗಿವಿಗೆ, ಉತ್ತರ ಬಲಗಿವಿಗೆ, ನಡುವಿಂದ ಭಾಗವತರ ಪದ್ಯ, ಅದನ್ನ ಎರಡು ಜಿಬಿ ಉಳಿಸೋಕೆ ಒಟ್ಟು ಮಾಡಿ ಕಲಸೋದು ನಂಗೆ ಸರಿ ಕಾಣ್ಲಿಲ್ಲ. ಗ್ರೂಪಿಗೆ ಕಳಿಸೋ ಎಂಪಿ3 ಬೇಕಾದ್ರೆ ಮೊನೋ ಆಗ್ಲಿ.

ಎಫೆಕ್ಟಿಗಿಂತ ಮೊದಲು ಕತ್ತರಿ. ಶುರುವಿನ ಮೈಕ್ ಟೆಸ್ಟಿಂಗು, ಸಭಾ ಕಾರ್ಯಕ್ರಮ, ಶಾಲು ಹೊದಿಸಿದ್ದು, ನಡುವಿನ ಚಾ, ಮತ್ತೆ ವಂದನಾರ್ಪಣೆ ಎಲ್ಲಾ ತೆಗೆದ್ರೆ ಐದೂಕಾಲು ತಾಸು ಉಳೀತು. ಇಲ್ಲೊಂದು ಸೂಕ್ಷ್ಮ ಇದೆ. ಆಡಾಸಿಟಿ 3.1ರಿಂದ ಈಚೆಗೆ ಕ್ಲಿಪ್ಪಿನ ಅಂಚು ಹಿಡಿದು ಎಳೆದು ಟ್ರಿಮ್ ಮಾಡಬಹುದು, ಆದ್ರೆ ಹಂಗೆ ಎಳೆದ್ರೆ ದನಿ ಮರೆ ಆಗ್ತದೆ, ಹೋಗೋದಿಲ್ಲ, ಮತ್ತೆ ಎಳೆದ್ರೆ ವಾಪಸ್ ಬರ್ತದೆ, ಫೈಲಿನ ಸೈಜೂ ಹಂಗೇ ಇರ್ತದೆ. ನಿಜಕ್ಕೂ ಹೋಗ್ಬೇಕು ಅಂದ್ರೆ ಸೆಲೆಕ್ಟ್ ಮಾಡಿ ಡಿಲೀಟ್ ಕೊಡ್ಬೇಕು. ಹಂಗೇ ಒಂದು ತುಂಡು ಕಾಪಿ ಮಾಡಿ ಬೇರೆ ಪ್ರಾಜೆಕ್ಟಿಗೆ ಪೇಸ್ಟ್ ಮಾಡೋವಾಗ ಇಡೀ ಕ್ಲಿಪ್ ಬೇಕೋ ಆರಿಸಿದ್ದಷ್ಟೇ ಸಾಕೋ ಅಂತ ಕೇಳ್ತದೆ, ಆರಿಸಿದ್ದಷ್ಟೇ ಅನ್ನಿ, ಇಲ್ಲಾಂದ್ರೆ ಹತ್ತು ನಿಮಿಷದ ತುಂಡಿನ ಬೆನ್ನಿಗೆ ಏಳು ತಾಸೂ ಬಂದು ಕೂರ್ತದೆ. ನಾನು ಪೂರ್ವಾರ್ಧ, ಉತ್ತರಾರ್ಧ ಅಂತ ಎರಡು ಪ್ರಾಜೆಕ್ಟ್ ಮಾಡಿದ್ದು ಹಿಂಗೇ. ಎರಡೂ ಸೇರಿ 3.4 ಜಿಬಿ.

ಜೋಡಣೆ ಆದ ಜಾಗ ಮಾತ್ರ ಒಂಚೂರು ಕೆಲಸ ಕೊಡ್ತು. ಮೊದಲನೇ ಫೈಲ್ ಮುಗಿಯೋದು ಶಲ್ಯ ಅನ್ನೋ ಶಬ್ದದ ನಡುವೆ, ಶ ಅಲ್ಲಿ, ಲ್ಯ ಎರಡನೇ ಫೈಲಲ್ಲಿ. ಭಾವ ಕ್ಲಿಪ್ ಸರಿಸೋವಾಗ ನಡುವೆ ಕೂದಲೆಳೆ ಸಂದು ಉಳಿದು, ಜಾಯಿನ್ ಮಾಡಿದಾಗ ಅದು ಮೌನ ಆಗಿ ತುಂಬಿ, ಕರ್ಣ ತನ್ನ ಸಾರಥಿ ಹೆಸರು ತೊದಲಿದಂಗೆ ಕೇಳ್ತಿತ್ತು. ಸ್ಯಾಂಪಲ್ ಕಾಣೋವರೆಗೆ ಜೂಮ್ ಮಾಡಿ ಆ ಸಪಾಟು ಗೆರೆಯನ್ನಷ್ಟೇ ಡಿಲೀಟ್ ಮಾಡ್ದೆ. ರೆಕಾರ್ಡರ್ ಒಂದು ಸ್ಯಾಂಪಲ್ಲನ್ನೂ ಬಿಟ್ಟಿರಲಿಲ್ಲ, ಅಲೆಯ ಎರಡು ತುದಿ ಸರಿಯಾಗಿ ಬಂದು ಕೂಡಿಕೊಂಡ್ವು.

ಎಫೆಕ್ಟಿಗೆ ಈಗ ಡಿಸ್ಕ್ ತಿನ್ನದ ದಾರಿ ಇದೆ. 2022ರ 3.2 ಆವೃತ್ತಿಯಿಂದ ಟ್ರ್ಯಾಕಿನ ಎಡಗಡೆ ಎಫೆಕ್ಟ್ಸ್ ಬಟನ್, ಅಲ್ಲಿ ಹಾಕಿದ್ದು ಪ್ಲೇ ಆಗೋವಾಗ ಆಗಿಂದಾಗ ಲೆಕ್ಕ ಹಾಕ್ತದೆ, ಪ್ರಾಜೆಕ್ಟಲ್ಲಿ ಬರೆಯೋದು ಸೆಟಿಂಗ್ ಮಾತ್ರ. 3.6ರಲ್ಲಿ ಕಂಪ್ರೆಸರ್, ಲಿಮಿಟರ್ ಎರಡೂ ಹೀಗೆ ಬಳಸೋ ಹಂಗೆ ಬಂದ್ವು. ಮೆದುವಾಗಿ ಒಂದು ಕಂಪ್ರೆಸರ್, ಅದರ ಮೇಲೆ ಲಿಮಿಟರ್ ಹಾಕ್ದೆ, ಚಂಡೆ ಬಿದ್ದಾಗ ಒಡೆಯದಂಗೆ, ಅರ್ಥಧಾರಿ ದನಿ ಇಳಿಸಿದಾಗ ಕೇಳೋ ಹಂಗೆ. ಹಳೇ ಲ್ಯಾಪ್‌ಟಾಪ್ ಆದ್ರೂ ತಡ್ಕಂಡ್ತು, ಫ್ಯಾನ್ ಸ್ವಲ್ಪ ಕೂಗ್ತು. ಸೈಜು ಒಂದಿಷ್ಟೂ ಮೇಲೆ ಹೋಗ್ಲಿಲ್ಲ. ನಾಯ್ಸ್ ರಿಡಕ್ಷನ್ ಮಾತ್ರ ಈ ತರ ಬರೋದಿಲ್ಲ, ಅದನ್ನ ಬರೆಸಲೇಬೇಕು, ಹಂಗಾಗಿ ರೆಕಾರ್ಡಿಂಗಲ್ಲಿ ಕೂಟದ ಜಾಗದ ಫ್ಯಾನಿನ ಗುರ್ ಜಾಸ್ತಿ ಕೇಳೋ ಇಪ್ಪತ್ತು ನಿಮಿಷದ ತುಂಡಿಗಷ್ಟೇ ಹಾಕ್ದೆ. ಇಪ್ಪತ್ತು ನಿಮಿಷಕ್ಕೆ ಹಿಸ್ಟರಿಯಲ್ಲಿ ಸೇರಿದ್ದು ಕೆಲವು ನೂರು ಎಂಬಿ, ಕ್ಲೋಸ್ ಮಾಡಿದಾಗ ಅದೂ ಹೋಯ್ತು.

ಪ್ರಾಜೆಕ್ಟ್ ಇದ್ದಿದ್ದು ಡಾಕ್ಯುಮೆಂಟ್ಸ್ ಒಳಗೆ, ಅದು ಕ್ಲೌಡಿಗೆ ತಾನೇ ಸಿಂಕ್ ಆಗೋ ಫೋಲ್ಡರ್. ತೆರೆದಿರೋ ಡೇಟಾಬೇಸನ್ನ ಇನ್ನೊಂದು ಪ್ರೋಗ್ರಾಂ ಎಳೆದಾಡೋದು ಯಾವತ್ತಿದ್ರೂ ಗ್ರಹಚಾರ, ನಮ್ಮೂರ ನೆಟ್ಟಿಗೆ 36 ಜಿಬಿ ಅಪ್‌ಲೋಡ್ ಅನ್ನೋದಂತೂ ಕೇಳೋದೇ ಬೇಡ. ಸಿಂಕ್ ಇಲ್ಲದ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಸರಿಸಿದೆ. ಬೆಂಗಳೂರಲ್ಲಿರೋ ಮಗಂಗೆ ಕಳಿಸೋಕೆ ಅಂತ ಎಯುಪಿ3 ಝಿಪ್ ಮಾಡಿ ನೋಡಿದ್ರಂತೆ, ಫ್ಲೋಟ್ ದನಿ ಝಿಪ್ಪಲ್ಲಿ ಅಷ್ಟೇನೂ ಕುಗ್ಗೋದಿಲ್ಲ. ಅವಂಗೆ ಫ್ಲ್ಯಾಕ್ ಸಾಕು. ಗ್ರೂಪಿಗೆ 64 ಕೆಬಿಪಿಎಸ್ ಮೊನೋ ಎಂಪಿ3, ಐದೂಕಾಲು ತಾಸಿಗೆ 150 ಎಂಬಿ ಆಸುಪಾಸು.

ಉಳಿದಿರೋದು ಕರ್ಣ ಶಲ್ಯರ ವಾದ ಬಿಸಿ ಏರೋ ಹೊತ್ತಿಗೇ ತಗಡಿನ ಮೇಲೆ ಮಳೆ ಸುರಿದ ಭಾಗ. ಫ್ಯಾನಿನ ಸದ್ದು ಒಂದೇ ಸಮ ಇರ್ತದೆ, ನಾಯ್ಸ್ ಪ್ರೊಫೈಲ್ ತೆಗೆದು ಕಳೀಬಹುದು. ಮಳೆ ಗಳಿಗೆಗೊಂದು ತರ, ಕಳೆಯೋಕೆ ಹೋದ್ರೆ ಮಾತಿನ ಸ, ಶ ಎಲ್ಲಾ ಅದರ ಜೊತೆ ಹೋಗ್ತದೆ. ಭಾವಂಗೆ ತೆಗೆಸ್ಲೇಬೇಕು ಅಂತ ಆಸೆ, ನಾನು ಹೈ ಫ್ರೀಕ್ವೆನ್ಸಿ ಸ್ವಲ್ಪ ಇಳಿಸಿ ಹಂಗೇ ಬಿಟ್ಟಿದ್ದೇನೆ, ರಿಯಲ್ ಟೈಮ್ ಎಫೆಕ್ಟಲ್ಲೇ ಹಾಕಿದ್ದು, ಅವರಿಗೆ ಬೇಡ ಅನಿಸಿದ್ರೆ ಆಫ್ ಮಾಡ್ಕಳ್ಳಿ.